ಒರಾಯನ್ ನೀಹಾರಿಕೆಯ ಫೋಟೋದಲ್ಲಿ ನಕ್ಷತ್ರ ಕೆಟ್ಟರೆ: ಕಾರವಾರ–ಶಿರಸಿ ಸೀಮೆಗೆ ದೋಷ ನಿವಾರಣೆ ಕೈಪಿಡಿ

ಒರಾಯನ್ ನೀಹಾರಿಕೆ, ಅಂದರೆ ಎಂ42, ತಪ್ಪುಗಳನ್ನು ಮುಚ್ಚಿಹಾಕುವುದರಲ್ಲಿ ನಿಸ್ಸೀಮ. ಸುಮಾರು 1,300 ಜ್ಯೋತಿರ್ವರ್ಷ ದೂರದ ಆ ಅನಿಲರಾಶಿಗೆ ಚೂಪಾದ ಅಂಚುಗಳೇ ಕಡಿಮೆ. ಫೋಕಸ್ ಸ್ವಲ್ಪ ತಪ್ಪಿದ್ದರೂ, ಮೌಂಟು (ಟೆಲಿಸ್ಕೋಪನ್ನು ಹೊತ್ತು ಆಕಾಶದ ಜೊತೆ ತಿರುಗಿಸುವ ಯಂತ್ರ) ಒಂದಿಷ್ಟು ಜಾರಿದ್ದರೂ ಫೋನಿನ ಪರದೆಯಲ್ಲಿ ಚಂದವೇ ಕಾಣುತ್ತದೆ. ಸಿಕ್ಕಿಬೀಳುವುದು ಸುತ್ತಲಿನ ನಕ್ಷತ್ರಗುಚ್ಛಗಳಲ್ಲಿ. ಉತ್ತರದ ತುದಿಯಲ್ಲಿ ಎನ್‌ಜಿಸಿ 1981, ಅದರ ಕೆಳಗೆ ನೀಲಿ ಮಬ್ಬಿನೊಳಗೆ ಎನ್‌ಜಿಸಿ 1977, ನೀಹಾರಿಕೆಯ ಹೊಟ್ಟೆಯೊಳಗೆ ಟ್ರೆಪಿಜಿಯಂ, ದಕ್ಷಿಣದ ತುದಿಯಲ್ಲಿ ಅಯೋಟಾ ನಕ್ಷತ್ರದ ಸುತ್ತ ಎನ್‌ಜಿಸಿ 1980. ನಾಲ್ಕೂ ಸೇರಿ ಆಕಾಶದಲ್ಲಿ ಒಂದೂವರೆ ಡಿಗ್ರಿ ಉದ್ದ. ದೋಷ ಹುಡುಕುವಾಗ ಕಣ್ಣಿಡಬೇಕಾದ್ದು ಇವುಗಳ ಮೇಲೆ.

ಇಲ್ಲಿನ ಲೆಕ್ಕಗಳು 80 ಮಿ.ಮೀ. ಎಫ್/6 ರಿಫ್ರ್ಯಾಕ್ಟರ್ (ಫೋಕಲ್ ಲೆಂತ್ 480 ಮಿ.ಮೀ.), ಎಪಿಎಸ್-ಸಿ ಸೆನ್ಸರಿನ ಡಿಎಸ್‌ಎಲ್‌ಆರ್, ಇಕ್ಯೂ5 ಅಥವಾ ಎಚ್‌ಇಕ್ಯೂ5 ವರ್ಗದ ಮೌಂಟು ಇದ್ದವರಿಗೆ ಹೊಂದುವಂಥವು. 3.7 ಮೈಕ್ರಾನಿನ ಪಿಕ್ಸೆಲ್ ಆದರೆ ಒಂದು ಪಿಕ್ಸೆಲ್ಲಿಗೆ 1.6 ಆರ್ಕ್ ಸೆಕೆಂಡ್ (ಡಿಗ್ರಿಯ ಅರವತ್ತನೇ ಒಂದು ಭಾಗ ಆರ್ಕ್ ನಿಮಿಷ, ಅದರ ಅರವತ್ತನೇ ಒಂದು ಭಾಗ ಆರ್ಕ್ ಸೆಕೆಂಡ್). ಇಡೀ ಚೌಕಟ್ಟು ಸುಮಾರು 2.6 × 1.8 ಡಿಗ್ರಿ. ಚೌಕಟ್ಟಿನ ಉದ್ದದ ಬದಿ ಉತ್ತರ–ದಕ್ಷಿಣಕ್ಕಿದ್ದರೆ ನಾಲ್ಕೂ ಗುಚ್ಛ ಆರಾಮಾಗಿ ಕೂರುತ್ತವೆ. ಅಡ್ಡ ಇಟ್ಟರೆ 1981 ಇಲ್ಲವೇ 1980 ಅಂಚಿಗೆ ಒತ್ತಿಕೊಂಡು, ಅಲ್ಲಿನ ನಕ್ಷತ್ರ ಕೆಟ್ಟಿದ್ದು ಯಾಕೆಂದು ಮತ್ತೆ ತಲೆ ಕೆಡುತ್ತದೆ. ಬೇರೆ ಉಪಕರಣದವರು ಪಿಕ್ಸೆಲ್ಲಿನ ಮೈಕ್ರಾನನ್ನು 206ರಿಂದ ಗುಣಿಸಿ, ಫೋಕಲ್ ಲೆಂತ್‌ನ ಮಿಲಿಮೀಟರಿನಿಂದ ಭಾಗಿಸಿ ತಮ್ಮ ಅಳತೆ ತಿಳಿದುಕೊಳ್ಳಬಹುದು.

ಮೊದಲು ಮೂರು ಫ್ರೇಮು, ಆಮೇಲೆ ಒಂದು ಗೆರೆ

ಸ್ಟ್ಯಾಕ್ ಮಾಡಿದ ಚಿತ್ರದಿಂದ ದೋಷ ಹುಡುಕಲು ಹೊರಡಬೇಡಿ. ಐವತ್ತು ಫ್ರೇಮು ಸೇರಿಸಿ ಸರಾಸರಿ ಮಾಡಿದಾಗ ಐದಾರು ಬೇರೆ ಬೇರೆ ತಪ್ಪು ಒಂದೇ ಮುದ್ದೆಯಾಗಿರುತ್ತವೆ. ಬೇಕಾದ್ದು ರಾ ಫೈಲಿನ ಬಿಡಿ ಫ್ರೇಮು.

ಐಎಸ್‌ಒ 800ರಲ್ಲಿ, ಬೇರೇನನ್ನೂ ಮುಟ್ಟದೆ, 5 ಸೆಕೆಂಡು, 30 ಸೆಕೆಂಡು, 120 ಸೆಕೆಂಡಿನ ಮೂರು ಫ್ರೇಮು ತೆಗೆಯಿರಿ. ಮೂರನ್ನೂ ನೂರಕ್ಕೆ ನೂರು ದೊಡ್ಡದು ಮಾಡಿ ನಡು ಮತ್ತು ನಾಲ್ಕು ಮೂಲೆ ನೋಡಿ. 5 ಸೆಕೆಂಡಿನಲ್ಲೇ ನಕ್ಷತ್ರ ಉದ್ದವಾಗಿದ್ದರೆ ಮೌಂಟಿನ ತಪ್ಪು ಬಹುಪಾಲು ಅಲ್ಲ. ಗಾಜು, ಜೋಡಣೆ ಅಥವಾ ಟ್ರೈಪಾಡಿನ ಅಲುಗಾಟ. 5ರಲ್ಲಿ ದುಂಡಗಿದ್ದು 120ರಲ್ಲಿ ಉದ್ದವಾದರೆ ಮೌಂಟು ಹಿಂಬಾಲಿಸುವುದರಲ್ಲೇ ಎಡವಟ್ಟು. ಮೂರರಲ್ಲೂ ನಡು ಚೊಕ್ಕವಿದ್ದು ಮೂಲೆ ಮಾತ್ರ ಕೆಟ್ಟಿದ್ದರೆ ಫ್ಲ್ಯಾಟ್‌ನರ್ (ಮೂಲೆಯ ನಕ್ಷತ್ರಗಳನ್ನೂ ಚೂಪಾಗಿಸಲು ಕ್ಯಾಮರಾದ ಮುಂದೆ ಹಾಕುವ ಮಸೂರ) ಅಥವಾ ಜೋಡಣೆಯ ಓರೆ. ಮೂರರಲ್ಲೂ ಎಲ್ಲ ಕಡೆ ಸಮನಾಗಿ ದಪ್ಪ ಇದ್ದರೆ ಫೋಕಸ್, ಇಬ್ಬನಿ ಅಥವಾ ಹವೆ. ಅರ್ಧ ತೊಂದರೆ ಇಷ್ಟರಲ್ಲೇ ಪತ್ತೆಯಾಗುತ್ತದೆ.

ಇನ್ನು ಗೆರೆ. 20 ಸೆಕೆಂಡಿನ ಎಕ್ಸ್‌ಪೋಶರ್ ಶುರು ಮಾಡಿ ಮೊದಲ 10 ಸೆಕೆಂಡು ಸುಮ್ಮನಿರಿ, ಆಮೇಲೆ ಹ್ಯಾಂಡ್ ಕಂಟ್ರೋಲಿನ ವೇಗ 8ಎಕ್ಸ್‌ಗೆ ಇಟ್ಟು ಆರ್‌ಎ (ಆಕಾಶದ ಪೂರ್ವ–ಪಶ್ಚಿಮ) ಬಾಣವನ್ನು ಎರಡು ಸೆಕೆಂಡು ಒತ್ತಿ. ಪ್ರತಿ ನಕ್ಷತ್ರವೂ ಒಂದು ಗಟ್ಟಿ ಚುಕ್ಕೆ ಮತ್ತು ಅದರಿಂದ ಹೊರಟ ನೂರೈವತ್ತು ಪಿಕ್ಸೆಲ್ಲಿನಷ್ಟು ಗೆರೆಯಾಗಿ ಕಾಣುತ್ತದೆ. ಆ ಗೆರೆಯೇ ನಿಮ್ಮ ಚೌಕಟ್ಟಿನಲ್ಲಿ ಆರ್‌ಎ ದಿಕ್ಕು. ಅದಕ್ಕೆ ಲಂಬವಾದದ್ದು ಡೆಕ್, ಅಂದರೆ ಉತ್ತರ–ದಕ್ಷಿಣ. ಈ ಫ್ರೇಮನ್ನು ಅಳಿಸದೆ ಇಟ್ಟುಕೊಳ್ಳಿ. ನಕ್ಷತ್ರ ಎತ್ತ ಎಳೆದಿದೆ ಅನ್ನುವುದಕ್ಕೆ ಅರ್ಥ ಬರುವುದು ಇದರ ಪಕ್ಕ ಇಟ್ಟು ನೋಡಿದಾಗಲೇ. ಕ್ಯಾಮರಾ ನೇರ ಕೂತಿದೆಯೇ ಅನ್ನುವುದೂ ಇದರಲ್ಲೇ ಗೊತ್ತಾಗುತ್ತದೆ: ಆರ್‌ಎ ಗೆರೆ ಗಿಡ್ಡ ಬದಿಗೆ ಸಮಾನಾಂತರ ಇದ್ದರೆ ಉದ್ದ ಬದಿ ಉತ್ತರ–ದಕ್ಷಿಣಕ್ಕಿದೆ.

ಎಲ್ಲ ನಕ್ಷತ್ರವೂ ಒಂದೇ ಕಡೆ ಎಳೆದಿವೆ

ಎಂ42 ಆಕಾಶದ ಸಮಭಾಜಕದಿಂದ 5 ಡಿಗ್ರಿ ದಕ್ಷಿಣಕ್ಕಷ್ಟೇ ಇದೆ. ಅಲ್ಲಿ ನಕ್ಷತ್ರಗಳು ಸೆಕೆಂಡಿಗೆ 15 ಆರ್ಕ್ ಸೆಕೆಂಡಿನ ಪೂರ್ತಿ ವೇಗದಲ್ಲಿ ಓಡುತ್ತವೆ. ಧ್ರುವದ ಹತ್ತಿರದ ವಸ್ತುವಿನಲ್ಲಿ ಕಾಣದ ಆರ್‌ಎ ತಪ್ಪು ಇಲ್ಲಿ ಬೆತ್ತಲಾಗುತ್ತದೆ.

ಎಳೆತ ಡೆಕ್ ದಿಕ್ಕಿಗಿದ್ದರೆ ಪೋಲಾರ್ ಅಲೈನ್‌ಮೆಂಟನ್ನು, ಅಂದರೆ ಮೌಂಟಿನ ಅಕ್ಷವನ್ನು ಆಕಾಶ ಧ್ರುವಕ್ಕೆ ಗುರಿಯಿಟ್ಟದ್ದನ್ನು, ಅನುಮಾನಿಸಿ. ಮೌಂಟಿನ ಅಕ್ಷ ಆಕಾಶ ಧ್ರುವದಿಂದ 10 ಆರ್ಕ್ ನಿಮಿಷ ಸರಿದಿದ್ದರೆ ನಕ್ಷತ್ರ ನಿಮಿಷಕ್ಕೆ ಹೆಚ್ಚೆಂದರೆ 2.6 ಆರ್ಕ್ ಸೆಕೆಂಡ್ ಜಾರುತ್ತದೆ. ನಮ್ಮ ಅಳತೆಯಲ್ಲಿ ಒಂದೂವರೆ ಪಿಕ್ಸೆಲ್. ಎರಡು ನಿಮಿಷದ ಫ್ರೇಮಿನಲ್ಲಿ ಮೂರು ಪಿಕ್ಸೆಲ್ ದಾಟಿದರೆ ಎನ್‌ಜಿಸಿ 1981ರ ನಕ್ಷತ್ರಗಳು ಮೊಟ್ಟೆಯಾಕಾರಕ್ಕೆ ಬಂದಾಯಿತು.

ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದು ವಿಶೇಷ ಕಾರಣವಿದೆ. ಕಾರವಾರದ ಅಕ್ಷಾಂಶ 14.8 ಡಿಗ್ರಿ, ಶಿರಸಿಯದು 14.6. ಧ್ರುವ ನಕ್ಷತ್ರವೂ ದಿಗಂತದಿಂದ ಅಷ್ಟೇ ಮೇಲೆ. ಶಿರಸಿ, ಸಿದ್ದಾಪುರದ ಮನೆಯಂಗಳದಲ್ಲಿ ಆ ಎತ್ತರಕ್ಕೆ ಅಡಿಕೆ ಮರದ ತಲೆ ಅಡ್ಡ ಬರುತ್ತದೆ; ಕರಾವಳಿಯಲ್ಲಿ ಗುಡ್ಡ ಅಡ್ಡ ಬರುತ್ತದೆ, ಇಲ್ಲವೇ ಕಡಲ ಹವೆಯ ಮಬ್ಬಿನಲ್ಲಿ ನಕ್ಷತ್ರವೇ ಮಾಯ. ಕಂಡರೂ ಇನ್ನೊಂದು ತೊಡಕು: 15 ಡಿಗ್ರಿ ಎತ್ತರದಲ್ಲಿ ವಾತಾವರಣ ಬೆಳಕನ್ನು ಬಾಗಿಸಿ ಅದನ್ನು ಸುಮಾರು ಮೂರೂವರೆ ಆರ್ಕ್ ನಿಮಿಷ ಮೇಲೆತ್ತಿ ತೋರಿಸುತ್ತದೆ. ಪೋಲಾರ್ ಸ್ಕೋಪಿನಲ್ಲಿ (ಮೌಂಟಿನ ಅಕ್ಷದೊಳಗಿನ ಪುಟ್ಟ ದೂರದರ್ಶಕ) ಅದನ್ನು ಕರಾರುವಾಕ್ಕಾಗಿ ಕೂರಿಸಿದರೂ ನಿಮಿಷಕ್ಕೆ ಒಂದು ಆರ್ಕ್ ಸೆಕೆಂಡಿನ ಹತ್ತಿರದ ಜಾರುವಿಕೆ ಉಳಿದೇ ಉಳಿಯುತ್ತದೆ. ಒಂದು ನಿಮಿಷದ ಫ್ರೇಮಿಗೆ ಇದು ಲೆಕ್ಕಕ್ಕಿಲ್ಲ, ಐದು ನಿಮಿಷದ್ದಕ್ಕೆ ಲೆಕ್ಕಕ್ಕಿದೆ. ಜೊತೆಗೆ, ಧ್ರುವ ನಕ್ಷತ್ರ ನಿಜವಾದ ಧ್ರುವದಿಂದ ಸುಮಾರು 38 ಆರ್ಕ್ ನಿಮಿಷ ದೂರವಿದೆ. ಅದನ್ನು ಅಡ್ಡಗೆರೆಗಳ ನಟ್ಟನಡುವೆ ತಂದಿಟ್ಟು ಮುಗಿಯಿತು ಅಂದುಕೊಂಡರೆ ನಿಮಿಷಕ್ಕೆ ಹತ್ತು ಆರ್ಕ್ ಸೆಕೆಂಡ್ ಹೋಯಿತು.

ಧ್ರುವ ನಕ್ಷತ್ರ ಕಾಣದ ಜಾಗದಲ್ಲಿ ಡ್ರಿಫ್ಟ್ ವಿಧಾನವೇ (ನಕ್ಷತ್ರ ಎತ್ತ ಜಾರುತ್ತದೆಂದು ನೋಡಿ ಅಕ್ಷ ತಿದ್ದುವುದು) ಗತಿ, ಮತ್ತು ಒರಾಯನ್ ಅದಕ್ಕೆ ಹೇಳಿ ಮಾಡಿಸಿದ ಪುಂಜ. ನಡುಪಟ್ಟಿಯ ಮೂರು ನಕ್ಷತ್ರಗಳಲ್ಲಿ ಪಶ್ಚಿಮದ್ದಾದ ಮಿಂಟಾಕಾ ಸಮಭಾಜಕದಿಂದ ಮೂರನೇ ಒಂದು ಡಿಗ್ರಿಯಷ್ಟೂ ದೂರವಿಲ್ಲ. ಅದು ಯಾಮ್ಯೋತ್ತರ ರೇಖೆ, ಅಂದರೆ ನೆತ್ತಿಯ ಮೇಲಿನ ಉತ್ತರ–ದಕ್ಷಿಣ ಗೆರೆ, ದಾಟುವ ಹೊತ್ತಿಗೆ ಗೈಡಿಂಗ್ (ಇನ್ನೊಂದು ಪುಟ್ಟ ಕ್ಯಾಮರಾ ನಕ್ಷತ್ರ ನೋಡಿ ಮೌಂಟನ್ನು ತಿದ್ದುತ್ತಿರುವ ಏರ್ಪಾಡು) ನಿಲ್ಲಿಸಿ ಐದು ನಿಮಿಷ ನೋಡಿ. ನಕ್ಷತ್ರ ದಕ್ಷಿಣಕ್ಕೆ ಜಾರಿದರೆ ಮೌಂಟಿನ ಅಕ್ಷ ಪೂರ್ವಕ್ಕೆ ಸರಿದಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕೆ. ಅಡ್ಡದ ಬೋಲ್ಟು ತಿರುಗಿಸಿ ಸರಿ ಮಾಡಿ. ಎತ್ತರಕ್ಕಾದರೆ ಪೂರ್ವದಲ್ಲಿ 25–30 ಡಿಗ್ರಿ ಮೇಲೇರಿದ, ಸಮಭಾಜಕದ ಹತ್ತಿರದ ನಕ್ಷತ್ರ ಹಿಡಿಯಿರಿ: ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿನಲ್ಲಿದೆ, ಉತ್ತರಕ್ಕೆ ಜಾರಿದರೆ ಮೇಲಿದೆ. ಲ್ಯಾಪ್‌ಟಾಪ್ ಒಯ್ಯುವವರಿಗೆ ಪಿಎಚ್‌ಡಿ2 ಎಂಬ ಗೈಡಿಂಗ್ ತಂತ್ರಾಂಶದ ಡ್ರಿಫ್ಟ್ ಟೂಲ್ ಇದನ್ನೇ ಗ್ರಾಫಿನಲ್ಲಿ ತೋರಿಸುತ್ತದೆ. ನೀನಾ ಎಂಬ ತಂತ್ರಾಂಶದ ಮೂರು ಬಿಂದುಗಳ ಅಲೈನ್‌ಮೆಂಟಿಗೂ ಧ್ರುವ ನಕ್ಷತ್ರ ಕಾಣಬೇಕೆಂದಿಲ್ಲ.

ಬೋಲ್ಟು ಅಂದೆವಲ್ಲ, ಅಲ್ಲೇ ಇನ್ನೊಂದು ದೋಷ ಅಡಗಿದೆ. ಹೆಚ್ಚಿನ ಮೌಂಟುಗಳ ವಿನ್ಯಾಸ 30ರಿಂದ 55 ಡಿಗ್ರಿ ಅಕ್ಷಾಂಶದವರ ಅನುಕೂಲಕ್ಕೆ ಮಾಡಿದಂತಿರುತ್ತದೆ. 15 ಡಿಗ್ರಿಗೆ ಇಳಿಸಿದಾಗ ಭಾರವೆಲ್ಲ ಎತ್ತರದ ಬೋಲ್ಟಿನ ತುದಿಗೆ ಬೀಳುತ್ತದೆ. ಭಾರ ಇಟ್ಟುಕೊಂಡೇ ತಿರುಗಿಸಿದರೆ ಬೋಲ್ಟು ಬಾಗುತ್ತದೆ. ಬಾಗಿದ ಬೋಲ್ಟು ತಿರುಗಿಸಿದಾಗ ಒಮ್ಮೆಗೇ ಜಿಗಿಯುತ್ತದೆ, ಬಿಟ್ಟಮೇಲೆ ನಿಧಾನಕ್ಕೆ ಇಳಿಯುತ್ತದೆ. ಸಂಜೆ ಸರಿಯಿದ್ದ ಅಲೈನ್‌ಮೆಂಟ್ ಎರಡು ತಾಸಿನಲ್ಲಿ ಕೆಡುತ್ತಿದ್ದರೆ ಇದನ್ನು ನೋಡಿ. ಒಂದು ಕೈಯಿಂದ ಮೌಂಟಿನ ತಲೆ ಎತ್ತಿ ಹಿಡಿದು ಇನ್ನೊಂದು ಕೈಯಿಂದ ತಿರುಗಿಸಬೇಕು, ಕೊನೆಯ ಹೊಂದಾಣಿಕೆ ಯಾವಾಗಲೂ ಮೇಲ್ಮುಖವಾಗಿರಬೇಕು, ಕೊನೆಗೆ ಎದುರಿನ ಬೋಲ್ಟನ್ನು ತಾಗುವಷ್ಟು ಮಾತ್ರ ಬಿಗಿ ಮಾಡಬೇಕು.

ತೂಕದ ಸರಳು ಇಷ್ಟು ತಗ್ಗಿನ ಅಕ್ಷಾಂಶದಲ್ಲಿ ಹೆಚ್ಚುಕಡಿಮೆ ನೇರ ಕೆಳಕ್ಕೆ ತೂಗಿ, ಉತ್ತರದ ಕಾಲಿಗೆ ಬಡಿಯುವುದೂ ಉಂಟು. ನಕ್ಷತ್ರಗಳು ಇದ್ದಕ್ಕಿದ್ದಂತೆ ಉದ್ದ ಗೆರೆಯಾಗಿ, ಮೋಟಾರು ಕರ್ ಎನ್ನುತ್ತಿದ್ದರೆ ಮೊದಲು ಟಾರ್ಚು ಹಾಕಿ ಇದನ್ನೇ ನೋಡಿ. ತೂಕವನ್ನು ಸರಳಿನ ಮೇಲ್ಭಾಗಕ್ಕೆ ಏರಿಸಿ, ಅದಕ್ಕೆ ತಕ್ಕಂತೆ ಇನ್ನೊಂದು ಬಿಲ್ಲೆ ಸೇರಿಸಿ. ಅಥವಾ ದಿಕ್ಕಿನ ಗೂಟ ಬಿಚ್ಚಿ ಕೂರಿಸಬಹುದಾದ ಟ್ರೈಪಾಡಾದರೆ ಎರಡು ಕಾಲು ಉತ್ತರಕ್ಕೆ ಬರುವಂತೆ ತಿರುಗಿಸಿ.

ಎಳೆತ ಆರ್‌ಎ ದಿಕ್ಕಿಗಿದ್ದರೆ ಫ್ರೇಮುಗಳನ್ನು ಹೊತ್ತಿನ ಪ್ರಕಾರ ಸಾಲಾಗಿ ನೋಡಿ. ಕೆಟ್ಟವು ಒಂದು ಲಯದಲ್ಲಿ ಬರುತ್ತಿವೆಯೇ? ಇಕ್ಯೂ5ರ 144 ಹಲ್ಲಿನ ಚಕ್ರದಲ್ಲಿ ವರ್ಮ್ ಗೇರು ಒಂದು ಸುತ್ತು ಬರಲು ಸುಮಾರು 10 ನಿಮಿಷ, ಎಚ್‌ಇಕ್ಯೂ5ರ 135 ಹಲ್ಲಿನದರಲ್ಲಿ 10 ನಿಮಿಷ 38 ಸೆಕೆಂಡು, ಇಕ್ಯೂ6ರ 180 ಹಲ್ಲಿನದರಲ್ಲಿ 8 ನಿಮಿಷ. ಇಷ್ಟಿಷ್ಟು ಹೊತ್ತಿಗೊಮ್ಮೆ ಕೆಡುತ್ತಿದ್ದರೆ ಅದು ಗೇರಿನ ಆವರ್ತ ದೋಷ. ಗೈಡ್ ಕ್ಯಾಮರಾ ಇದ್ದರೆ ಅದು ಸರಿದೂಗಿಸುತ್ತದೆ; ಇಲ್ಲದವರು 30 ಸೆಕೆಂಡಿಗೆ ಇಳಿದು, ಕೆಟ್ಟದ್ದನ್ನು ಬಿಸಾಕುವುದು ಜಾಣತನ. ಲಯವೇ ಇಲ್ಲದೆ ಕೆಡುತ್ತಿದ್ದರೆ ತೂಕದ ಸಮತೋಲ ನೋಡಿ. ಪೂರ್ವದ ಕಡೆ ತುಸುವೇ ಭಾರ ಇರಬೇಕು, ಆಗ ಗೇರಿನ ಹಲ್ಲು ಸದಾ ಒಂದೇ ಮುಖಕ್ಕೆ ಒತ್ತಿಕೊಂಡಿರುತ್ತದೆ. ಪೂರ್ತಿ ಸಮತೋಲ ಮಾಡಿದರೆ ಹಲ್ಲುಗಳ ಸಂದಿನಲ್ಲಿ ಅತ್ತಿತ್ತ ತೂಗಾಡುತ್ತದೆ.

ಗೈಡಿಂಗ್ ಗ್ರಾಫು ನೋಡಿದರೆ ಅಚ್ಚುಕಟ್ಟು, ಆರ್‌ಎಂಎಸ್ (ಸರಾಸರಿ ತಪ್ಪು) ಒಂದು ಆರ್ಕ್ ಸೆಕೆಂಡಿನೊಳಗೆ, ಆದರೂ ನಕ್ಷತ್ರ ಉದ್ದ. ಇದು ಹೊಸಬರನ್ನು ಗೋಳಾಡಿಸುವ ದೋಷ. ಗೈಡ್ ಸ್ಕೋಪು ಮತ್ತು ಮುಖ್ಯ ಟೆಲಿಸ್ಕೋಪು ಬೇರೆ ಬೇರೆ ಕಡೆ ಬಾಗುತ್ತಿವೆ ಅಂತ ಅರ್ಥ. ಗೈಡ್ ಸ್ಕೋಪನ್ನು ಮೂರು ಸ್ಕ್ರೂಗಳ ಉಂಗುರದಲ್ಲಿ ಕೂರಿಸಿದ್ದರೆ ಅದನ್ನು ಬಿಟ್ಟು ಗಟ್ಟಿ ಕ್ಲ್ಯಾಂಪಿಗೆ ಬದಲಾಯಿಸಿ. ಜೋತುಬಿದ್ದ ಕೇಬಲ್ಲುಗಳನ್ನು ಮೌಂಟಿನ ತಲೆಗೆ ಒಮ್ಮೆ ಕಟ್ಟಿ, ಅಲ್ಲಿಂದ ಕೆಳಗೆ ಬಿಡಿ.

ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ದಿಕ್ಕಿಗೆ ಎಳೆದಿದ್ದರೆ ಗಾಳಿ ಇಲ್ಲವೇ ನೆಲ. ಕಡಲ ಕಡೆ ಹೊತ್ತು ಮುಳುಗಿದ ಮೇಲೆ ಕೊಂಚ ಹೊತ್ತು ಗಾಳಿ ಸತ್ತಿರುತ್ತದೆ. ರಾತ್ರಿ ಏರಿದಂತೆ ನೆಲದಿಂದ ಕಡಲಿಗೆ, ಘಟ್ಟದ ಕಡೆಯಿಂದ ಬೀಸತೊಡಗುತ್ತದೆ. ಕಾರು ನಿಲ್ಲಿಸುವುದಾದರೆ ಟೆಲಿಸ್ಕೋಪಿನ ಪೂರ್ವಕ್ಕೆ ನಿಲ್ಲಿಸಿ, ಎಂಜಿನ್ ಬಿಸಿ ಆರಿದ ಮೇಲೆ ಕೆಲಸ ಶುರುಮಾಡಿ. ಮರಳಿನ ಮೇಲೆ ಟ್ರೈಪಾಡು ಗಂಟೆಗಟ್ಟಲೆ ಇಳಿಯುತ್ತಲೇ ಇರುತ್ತದೆ. ಕಾರವಾರದ ಟಾಗೋರ್ ಕಡಲತೀರವಿರಲಿ, ಗೋಕರ್ಣವಿರಲಿ, ಕಾಲಿಗೊಂದರಂತೆ ಮೂರು ಚಿರೆಕಲ್ಲು ಹುಗಿದು ಅದರ ಮೇಲೆ ನಿಲ್ಲಿಸಿ. ಹಲಗೆ ತುಂಡೂ ಆದೀತು, ಆದರೆ ತೆಳು ಪ್ಲೈವುಡ್ ಬಾಗುತ್ತದೆ. ತಾರಸಿ ಮೇಲಾದರೆ ಓಡಾಟವೇ ಶತ್ರು. ಕೆಮ್ಮಣ್ಣಿನ ಗಟ್ಟಿ ಅಂಗಳ ಎಲ್ಲಕ್ಕಿಂತ ಒಳ್ಳೆಯದು. ಅರಗಾ, ಬಿಣಗಾ ಕಡೆ ನೌಕಾನೆಲೆಯ ಬೇಲಿ ಹತ್ತಿರ ಮಾತ್ರ ಹೂಡಬೇಡಿ. ನಕ್ಷತ್ರ ನೋಡುತ್ತಿದ್ದೇವೆಂದು ಕಾವಲಿನವರಿಗೆ ಒಪ್ಪಿಸುವಷ್ಟರಲ್ಲಿ ಒರಾಯನ್ ಮುಳುಗಿರುತ್ತದೆ.

ನಡು ಚೊಕ್ಕ, ಮೂಲೆ ಕೆಟ್ಟಿದೆ

ನಾಲ್ಕೂ ಮೂಲೆ ಒಂದೇ ತರ ಕೆಟ್ಟಿದ್ದರೆ ಫ್ಲ್ಯಾಟ್‌ನರಿನಿಂದ ಸೆನ್ಸರಿಗೆ ಇರುವ ಅಂತರ ತಪ್ಪಿದೆ. ಹೆಚ್ಚಿನ ಫ್ಲ್ಯಾಟ್‌ನರುಗಳು ಕೇಳುವುದು 55 ಮಿ.ಮೀ. ಕ್ಯಾನನ್ ಇಎಫ್ ಬಾಡಿಯೊಳಗೇ 44 ಮಿ.ಮೀ. ಇದೆ, ಟಿ-ರಿಂಗಿನ (ಕ್ಯಾಮರಾವನ್ನು ಟೆಲಿಸ್ಕೋಪಿಗೆ ಕೂಡಿಸುವ ಉಂಗುರ) 11 ಸೇರಿದರೆ 55. ನಿಕಾನ್ ಎಫ್ ಆದರೆ 46.5ಕ್ಕೆ 8.5. ಮಿರರ್‌ಲೆಸ್ ಕ್ಯಾಮರಾದವರೇ ಇಲ್ಲಿ ಎಡವುವುದು: ಕ್ಯಾನನ್ ಆರ್‌ಎಫ್‌ನಲ್ಲಿ 20, ಸೋನಿ ಇ-ಯಲ್ಲಿ 18 ಮಿ.ಮೀ. ಮಾತ್ರ ಇರುವುದರಿಂದ ಉಳಿದದ್ದನ್ನು ಸ್ಪೇಸರಿನಿಂದ ತುಂಬಬೇಕು. ನಡುವೆ 2 ಮಿ.ಮೀ. ದಪ್ಪದ ಫಿಲ್ಟರ್ ಇದ್ದರೆ ಅದರ ಮೂರನೇ ಒಂದು ಭಾಗ, 0.7 ಮಿ.ಮೀ.ನಷ್ಟು, ಅಂತರ ಹೆಚ್ಚಿಸಬೇಕು. ಮೂಲೆಯ ನಕ್ಷತ್ರಗಳು ಚಿತ್ರದ ನಡುವಿಗೆ ಮುಖಮಾಡಿ ಉದ್ದವಾಗಿದ್ದರೆ ಸಾಮಾನ್ಯವಾಗಿ ಸೆನ್ಸರ್ ತೀರಾ ಹತ್ತಿರವಿದೆ. ನಡುವನ್ನು ಸುತ್ತುವರಿದಂತೆ ಬಾಗಿದ್ದರೆ ದೂರವಿದೆ. ಅರ್ಧ ಮಿಲಿಮೀಟರಿನ ಉಂಗುರ ಹಾಕುತ್ತ, ತೆಗೆಯುತ್ತ ನೋಡಿ.

ಒಂದೇ ಮೂಲೆ ಅಥವಾ ಒಂದೇ ಬದಿ ಕೆಟ್ಟಿದ್ದರೆ ಓರೆ. ಯಾರದು ಓರೆ ಅಂತ ತಿಳಿಯಲು ಕ್ಯಾಮರಾವನ್ನು 180 ಡಿಗ್ರಿ ತಿರುಗಿಸಿ ಮತ್ತೆ ಫೋಕಸ್ ಮಾಡಿ ಒಂದು ಫ್ರೇಮು ತೆಗೆಯಿರಿ. ಚಿತ್ರದ ಅದೇ ಮೂಲೆ ಕೆಟ್ಟಿದ್ದರೆ ಓರೆ ಇರುವುದು ಕ್ಯಾಮರಾದಲ್ಲಿ ಅಥವಾ ಟಿ-ರಿಂಗಿನಲ್ಲಿ. ಎದುರು ಮೂಲೆಗೆ ಹೋದರೆ ಟೆಲಿಸ್ಕೋಪಿನ ಫೋಕಸರ್ ಜೋಲುತ್ತಿದೆ. ನ್ಯೂಟೋನಿಯನ್ (ಕನ್ನಡಿಯ ಟೆಲಿಸ್ಕೋಪು) ಇದ್ದವರು ಇದನ್ನೆಲ್ಲ ಮಾಡುವ ಮೊದಲು ಕಾಲಿಮೇಶನ್, ಅಂದರೆ ಕನ್ನಡಿಗಳ ಹೊಂದಾಣಿಕೆ, ನೋಡಿಕೊಳ್ಳಲಿ. ದೇವಿಮನೆ ಘಟ್ಟದ ತಿರುವುಗಳಲ್ಲಿ ಡಿಕ್ಕಿಯಲ್ಲಿ ಕುಲುಕಿಕೊಂಡು ಹೋದ ಕನ್ನಡಿ ಸರಿಯಾಗಿಯೇ ಇದೆ ಎಂದು ನಂಬುವುದು ತಪ್ಪು.

ಎಲ್ಲ ಕಡೆ ದಪ್ಪ, ಮಬ್ಬು

ಮೊದಲು ಫೋಕಸ್. ಎಫ್/6ರಲ್ಲಿ ಫೋಕಸಿನ ಸುರಕ್ಷಿತ ಪಟ್ಟಿ ಒಟ್ಟು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೇ. ಬಹ್ಟಿನೋವ್ ಮಾಸ್ಕ್ (ನಕ್ಷತ್ರದ ಮೇಲೆ ಮೂರು ಗೆರೆ ಮೂಡಿಸುವ ಸೀಳುಗಳ ಮುಚ್ಚಳ) ಹಾಕಿ, ಹತ್ತಿರದ ರೈಜೆಲ್ ಮೇಲೆ ನಡುಗೆರೆಯನ್ನು ಉಳಿದೆರಡರ ಮಧ್ಯಕ್ಕೆ ತಂದು, ಫೋಕಸರಿನ ಬಿಗಿಸ್ಕ್ರೂ ಹಾಕಿ, ಹಾಕಿದ ಮೇಲೆ ಇನ್ನೊಮ್ಮೆ ನೋಡಿ. ಬಿಗಿ ಮಾಡುವಾಗಲೇ ಫೋಕಸ್ ಜರುಗುವ ಫೋಕಸರುಗಳು ಬೇಕಾದಷ್ಟಿವೆ. (ಎಲ್ಲ ನಕ್ಷತ್ರಕ್ಕೂ ಆರು ಮುಳ್ಳು ಬಂದಿದ್ದರೆ ಮಾಸ್ಕ್ ತೆಗೆಯಲು ಮರೆತಿದ್ದೀರಿ.)

ಆಮೇಲೆ ನಿಜವಾದ ಪರೀಕ್ಷೆ ಟ್ರೆಪಿಜಿಯಂನಲ್ಲಿ. 1 ಅಥವಾ 2 ಸೆಕೆಂಡಿನ ಫ್ರೇಮು ತೆಗೆದು ನೀಹಾರಿಕೆಯ ನಡುವನ್ನು ಎಷ್ಟು ಸಾಧ್ಯವೋ ಅಷ್ಟು ದೊಡ್ಡದು ಮಾಡಿ. ಎ, ಬಿ, ಸಿ, ಡಿ ಎಂಬ ನಾಲ್ಕು ನಕ್ಷತ್ರಗಳು ಬಿಡಿಬಿಡಿಯಾಗಿ ಕಾಣಬೇಕು. ಅತಿ ಪ್ರಕಾಶದ್ದು ಸಿ. ಕಷ್ಟದ ಜೋಡಿ ಎ ಮತ್ತು ಬಿ: ನಡುವಿನ ಅಂತರ 8.8 ಆರ್ಕ್ ಸೆಕೆಂಡ್, ನಮ್ಮ ಅಳತೆಯಲ್ಲಿ ಐದೂವರೆ ಪಿಕ್ಸೆಲ್. ಈ ಎರಡರ ಮಧ್ಯೆ ಕತ್ತಲ ಸಂದು ಕಂಡರೆ ಫೋಕಸ್, ಹವೆ ಎರಡೂ ಸರಿ. ಅಂಟಿಕೊಂಡಿದ್ದರೆ ಯಾವುದೋ ಒಂದು ಕೈಕೊಟ್ಟಿದೆ. ಮಾಸ್ಕಿನಲ್ಲಿ ಗೆರೆ ಸರಿಯಿದ್ದೂ ಇವು ಅಂಟಿಕೊಂಡಿದ್ದರೆ ತಪ್ಪು ಹವೆಯದು. ಒರಾಯನ್ ಇನ್ನಷ್ಟು ಮೇಲೇರಲಿ.

ಸಂಜೆ ಸರಿಯಿದ್ದು ನಡುರಾತ್ರಿಗೆ ದಪ್ಪವಾದರೆ ಎರಡು ದಾರಿ. ಒಂದು, ಕೊಳವೆ ಕುಗ್ಗಿದೆ. 480 ಮಿ.ಮೀ. ಅಲ್ಯೂಮಿನಿಯಂ ಕೊಳವೆ 10 ಡಿಗ್ರಿ ತಂಪಾದರೆ 0.11 ಮಿ.ಮೀ. ಕುಗ್ಗುತ್ತದೆ, ಅಂದರೆ ಮೇಲೆ ಹೇಳಿದ ಪಟ್ಟಿಯ ಹೊರಗೆ. ಘಟ್ಟದ ಮೇಲೆ ಚಳಿಗಾಲದಲ್ಲಿ ಇದು ಒಂದೇ ರಾತ್ರಿಯಲ್ಲಿ ಆಗುವ ಮಾತು. ಕಡಲ ಪಕ್ಕ ತಾಪಮಾನ ಅಷ್ಟು ಇಳಿಯುವುದಿಲ್ಲ. ಶಿರಸಿ, ಯಲ್ಲಾಪುರದವರು ನಾಲ್ಕೈದು ಡಿಗ್ರಿ ಇಳಿದಾಗಲೆಲ್ಲ ಮತ್ತೆ ಫೋಕಸ್ ಮಾಡಬೇಕು.

ಇನ್ನೊಂದು ಇಬ್ಬನಿ. ಜಿಲ್ಲೆಯಲ್ಲಿ ಎಲ್ಲಿ ನಿಂತರೂ ಇದು ತಪ್ಪದು. ಮುಂದಿನ ಗಾಜು ಬಯಲಾಗಿ ಆಕಾಶಕ್ಕೆ ಶಾಖ ಬಿಟ್ಟುಕೊಟ್ಟು ಸುತ್ತಲ ಗಾಳಿಗಿಂತ ತಣ್ಣಗಾಗುತ್ತದೆ, ತೇವದ ಗಾಳಿ ಅದರ ಮೇಲೆ ನೀರಾಗುತ್ತದೆ. ತೆಳುಮೋಡಕ್ಕೂ ಇಬ್ಬನಿಗೂ ವ್ಯತ್ಯಾಸ ಹೀಗೆ ಕಂಡುಹಿಡಿಯಿರಿ: ಮೋಡ ಬಂದು ಹೋಗುತ್ತದೆ, ಹತ್ತು ಫ್ರೇಮು ಮಂಕಾಗಿ ಮತ್ತೆ ಚೊಕ್ಕವಾಗುತ್ತವೆ. ಇಬ್ಬನಿ ತಾನಾಗಿ ಹೋಗುವುದಿಲ್ಲ. ಅಯೋಟಾದ ಸುತ್ತ ಬೆಳಕಿನ ಬಳೆ ಫ್ರೇಮಿನಿಂದ ಫ್ರೇಮಿಗೆ ದೊಡ್ಡದಾಗುತ್ತಲೇ ಇರುತ್ತದೆ, 1981ರ ಮಸುಕು ನಕ್ಷತ್ರಗಳು ಒಂದೊಂದಾಗಿ ಇಲ್ಲವಾಗುತ್ತವೆ. ಟಾರ್ಚನ್ನು ಓರೆಯಾಗಿ ಹಿಡಿದು ಗಾಜು ನೋಡಿದರೆ ಖಾತ್ರಿ.

ಬಟ್ಟೆಯಿಂದ ಒರೆಸಬೇಡಿ. ಕಡಲ ಗಾಳಿಯಲ್ಲಿ ಆ ನೀರಿನೊಳಗೆ ಉಪ್ಪಿನ ಹರಳೂ ಇರುತ್ತದೆ, ಲೇಪನ ಗೀರಿಹೋಗುತ್ತದೆ. ಬಿಸಿಗಾಳಿ ಕೊಟ್ಟು ಆರಿಸಿ, ಮತ್ತೆ ಬಾರದಂತೆ ಹೀಟರ್ ಪಟ್ಟಿ ಕಟ್ಟಿ. ಪೇಟೆಯಲ್ಲಿ ಸಿಗದಿದ್ದರೆ ಮಾಡಿಕೊಳ್ಳಬಹುದು: 330 ಓಮ್, 1 ವ್ಯಾಟ್‌ನ 16 ರೆಸಿಸ್ಟರುಗಳನ್ನು ಎರಡು ತಂತಿಗಳ ನಡುವೆ ಏಣಿಯ ಮೆಟ್ಟಿಲಿನಂತೆ ಸಮಾನಾಂತರವಾಗಿ ಬೆಸೆಯಿರಿ. 12 ವೋಲ್ಟಿನಲ್ಲಿ 0.58 ಆಂಪಿಯರ್, ಒಟ್ಟು 7 ವ್ಯಾಟ್. ಇನ್ಸುಲೇಶನ್ ಟೇಪು ಸುತ್ತಿ, ಗಾಜು ಕೂತಿರುವ ಉಂಗುರದ ಹಿಂದೆಯೇ ಕೊಳವೆಗೆ ಬಿಗಿದು, ಮೇಲೆ ಫೋಮಿನ ಪಟ್ಟಿ ಸುತ್ತಿ. ದಾರಿಯಲ್ಲಿ 1 ಆಂಪಿಯರಿನ ಫ್ಯೂಸ್ ಇರಲಿ. ಗಾಜನ್ನು ಸುತ್ತಲ ಗಾಳಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿಟ್ಟರೆ ಸಾಕು. ಇಬ್ಬನಿ ಬಿದ್ದ ಮೇಲೆ ಹಾಕುವುದಲ್ಲ, ಟೆಲಿಸ್ಕೋಪು ಹೂಡಿದ ಕೂಡಲೇ ಹಾಕಬೇಕು.

ಡಿಸೆಂಬರ್–ಜನವರಿಯಲ್ಲಿ ಘಟ್ಟದ ಮೇಲೆ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ: ಅಡಿಕೆ ಕೊಯ್ಲು. ಬೇಯಿಸುವ ಒಲೆಯ ಹೊಗೆ, ಹಂಡೆಯ ಆವಿ ಎರಡೂ ಅಂಗಳದ ಮೇಲೇ ತೇಲುತ್ತವೆ. ಬಿಸಿಗಾಳಿಯ ಕಂಬದ ಮೂಲಕ ನೋಡಿದರೆ ಟ್ರೆಪಿಜಿಯಂ ಕುದಿಯುತ್ತಿರುವಂತೆ ಕಾಣುತ್ತದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ, ಒಲೆಯ ಆ ಬದಿಗೆ ಸರಿದುಕೊಳ್ಳಿ. ದರಕು (ಒಣಗಿದ ಎಲೆ) ಸುಟ್ಟ ಸಂಜೆಯಂತೂ ಟೆಲಿಸ್ಕೋಪು ಹೊರತೆಗೆಯದಿದ್ದರೂ ನಷ್ಟವಿಲ್ಲ.

ನಡು ಬೆಳ್ಳಗೆ ಸುಟ್ಟಿದೆ, ಕೆಂಪು ಬರುತ್ತಿಲ್ಲ

ಎರಡು ನಿಮಿಷದ ಫ್ರೇಮಿನಲ್ಲಿ ಟ್ರೆಪಿಜಿಯಂ ಸುತ್ತ ಬಿಳಿ ಗುಂಡಿಯಾಗುವುದು ಉಪಕರಣದ ದೋಷವಲ್ಲ. ನಡುವಿಗೂ ಹೊರಗಿನ ರೆಕ್ಕೆಗೂ ಬೆಳಕಿನ ಅಂತರ ಅಷ್ಟಿದೆ. 120, 30, 5 ಸೆಕೆಂಡಿನ ಮೂರು ಸರಣಿ ತೆಗೆದು, ಪ್ರತಿಯೊಂದನ್ನೂ ಬೇರೆಯಾಗಿ ಸ್ಟ್ಯಾಕ್ ಮಾಡಿ, ಕೊನೆಯಲ್ಲಿ ಪದರ ಮಾಸ್ಕಿನಿಂದ ಸೇರಿಸಿ. 5 ಸೆಕೆಂಡಿನದು ಇಪ್ಪತ್ತು ಫ್ರೇಮು ಇದ್ದರೂ ಸಾಕು.

ಮಾರ್ಪಡಿಸದ ಡಿಎಸ್‌ಎಲ್‌ಆರ್‌ನಲ್ಲಿ ಗಾಢ ಕೆಂಪು ಬಾರದಿರುವುದೂ ಸಹಜ. ಹೈಡ್ರೋಜನ್ ಆಲ್ಫಾದ 656.3 ನ್ಯಾನೋಮೀಟರ್ ಬೆಳಕಿನ ಬಹುಭಾಗವನ್ನು ಸೆನ್ಸರಿನ ಮುಂದಿನ ಫಿಲ್ಟರ್ ತಡೆಯುತ್ತದೆ. ಗುಲಾಬಿ–ನೇರಳೆ ಬಂದರೆ ಅದನ್ನೇ ಒಪ್ಪಿಕೊಳ್ಳಿ; ಎಡಿಟಿಂಗಿನಲ್ಲಿ ಕೆಂಪು ಎಳೆದರೆ 1977ರ ನೀಲಿ ಸಾಯುತ್ತದೆ.

ಹಿನ್ನೆಲೆ ಕೆಟ್ಟಿದೆ

ಒಂದು ಕಡೆ ಕಿತ್ತಳೆ ಅಥವಾ ಬೂದು ಏರಿದ್ದರೆ ಹೆದ್ದಾರಿ 66ರ ದೀಪ, ಬಂದರಿನ ದೀಪ, ಇಲ್ಲವೇ ಪಕ್ಕದೂರಿನ ಬಯಲಾಟದ ಫ್ಲಡ್‌ಲೈಟು. ಚಂದ್ರನ ಲೆಕ್ಕ ಇನ್ನೂ ಸುಲಭ: ಮಾರ್ಗಶಿರ ಹುಣ್ಣಿಮೆಯೆಂದರೆ ಚಂದ್ರ ಮೃಗಶಿರಾ ನಕ್ಷತ್ರದ ಆಸುಪಾಸು, ಅಂದರೆ ಒರಾಯನ್‌ನ ತಲೆಯ ಮೇಲೇ ಇರುವ ರಾತ್ರಿ. ಅಮಾವಾಸ್ಯೆಯ ಹಿಂದೆ ಮುಂದೆ ಐದು ದಿನ ಹಿಡಿಯಿರಿ. ಎಂ42 ಕಾರವಾರದಲ್ಲಿ ಯಾಮ್ಯೋತ್ತರ ದಾಟುವುದು ಡಿಸೆಂಬರ್ ನಡುವೆ ರಾತ್ರಿ 12.30ರ ಸುಮಾರಿಗೆ, ಜನವರಿ ನಡುವೆ 10.30ಕ್ಕೆ, ಫೆಬ್ರವರಿ ನಡುವೆ 8.30ಕ್ಕೆ, ಆಗ ಅದರ ಎತ್ತರ 70 ಡಿಗ್ರಿ. ದಾಟಿ ಮೂರು ಮುಕ್ಕಾಲು ತಾಸಿಗೆ 30 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಅಲ್ಲಿಂದಾಚೆಗಿನ ಫ್ರೇಮುಗಳು ಕಡಲ ಮೇಲಿನ ಮಬ್ಬನ್ನೇ ಸೇರಿಸುತ್ತವೆ.

ಬೂದು ಬಳೆಗಳು, ಮೂಲೆ ಕತ್ತಲು: ಫ್ಲ್ಯಾಟ್, ಅಂದರೆ ಸಮನಾದ ಬಿಳಿ ಬೆಳಕಿನ ಫ್ರೇಮು, ಬೇಕು. ಫೋಕಸ್, ಕ್ಯಾಮರಾ ಕೋನ ಯಾವುದನ್ನೂ ಅಲುಗಿಸದೆ, ಬೆಳಗಿನ ಜಾವ ಬಿಳಿ ಬಟ್ಟೆ ಬಿಗಿದು, ಹಿಸ್ಟೋಗ್ರಾಂ ನಡುವಿಗೆ ಬರುವಂತೆ 25–30 ಫ್ರೇಮು. ಮೆರಿಡಿಯನ್ ಫ್ಲಿಪ್ (ಯಾಮ್ಯೋತ್ತರ ದಾಟಿದ ಮೇಲೆ ಟೆಲಿಸ್ಕೋಪನ್ನು ಮೌಂಟಿನ ಇನ್ನೊಂದು ಬದಿಗೆ ಮಗುಚುವುದು) ಆದಾಗ ಬೇರೆ ಫ್ಲ್ಯಾಟ್ ಬೇಡ. ಕ್ಯಾಮರಾ ಟೆಲಿಸ್ಕೋಪಿನ ಮೇಲೆ ತಿರುಗಿಲ್ಲವಲ್ಲ. ಫ್ಲ್ಯಾಟ್ ಹಾಕಿದ ಮೇಲೆ ಮೂಲೆ ತಿರುಗಿ ಬೆಳ್ಳಗಾದರೆ ಬಯಾಸ್ ಫ್ರೇಮು (ಮುಚ್ಚಳ ಹಾಕಿ ಅತಿ ಕಡಿಮೆ ಹೊತ್ತಿನಲ್ಲಿ ತೆಗೆದದ್ದು) ಬಿಟ್ಟುಹೋಗಿದೆ, ಇಲ್ಲವೇ ವ್ಯೂಫೈಂಡರಿನಿಂದ ಬೆಳಕು ನುಗ್ಗಿದೆ.

ಓರೆಯಾಗಿ ಸುರಿವ ಮಳೆಯ ಗೆರೆಗಳಂತೆ ಬಣ್ಣದ ಚುಕ್ಕೆಗಳ ಎಳೆ ಕಂಡರೆ ಡಿದರಿಂಗ್ ಮಾಡಿಲ್ಲ. ಎರಡು ಮೂರು ಫ್ರೇಮಿಗೊಮ್ಮೆ ಚೌಕಟ್ಟನ್ನು ಹತ್ತು ಹನ್ನೆರಡು ಪಿಕ್ಸೆಲ್ ಯಾವುದಾದರೂ ದಿಕ್ಕಿಗೆ ಸರಿಸಿ, ಸಿಗ್ಮಾ ಕ್ಲಿಪ್ಪಿಂಗಿನಲ್ಲಿ (ಉಳಿದ ಫ್ರೇಮುಗಳಿಗೆ ಹೊಂದದ ಪಿಕ್ಸೆಲ್ಲನ್ನು ಬಿಡುವ ವಿಧಾನ) ಸ್ಟ್ಯಾಕ್ ಮಾಡಿ. ಉಪಗ್ರಹದ ಗೆರೆಗಳೂ ಇದರಲ್ಲೇ ಅಳಿಯುತ್ತವೆ. ಶಿರಸಿಯ ಚಳಿಯಲ್ಲಿ ತೆಗೆದ ಡಾರ್ಕ್ ಫ್ರೇಮುಗಳನ್ನು (ಮುಚ್ಚಳ ಹಾಕಿ ಅಷ್ಟೇ ಹೊತ್ತು ತೆಗೆದವು) ಕಾರವಾರದ ಸೆಕೆಯ ಫ್ರೇಮಿಗೆ ಹಾಕಬೇಡಿ. ಡಿಎಸ್‌ಎಲ್‌ಆರ್‌ಗೆ ತಣಿಸುವ ವ್ಯವಸ್ಥೆ ಇಲ್ಲ. ಐದಾರು ಡಿಗ್ರಿ ವ್ಯತ್ಯಾಸವಾದರೂ ಬಿಸಿ ಪಿಕ್ಸೆಲ್‌ಗಳು ಅರೆಬರೆ ಉಳಿಯುತ್ತವೆ.

ಮೌಂಟು ನಡುವೆಯೇ ನಿಂತರೆ

12 ವೋಲ್ಟಿನ 7 ಆಂಪಿಯರ್-ಗಂಟೆಯ ಯುಪಿಎಸ್ ಬ್ಯಾಟರಿಯಿಂದ ಹೀಟರ್, ಮೌಂಟು ಎರಡನ್ನೂ ನಡೆಸಿದರೆ ಮೂರು ತಾಸಿನೊಳಗೆ ಅರ್ಧಕ್ಕಿಂತ ಕೆಳಗಿಳಿದು ವೋಲ್ಟೇಜ್ ಕುಸಿಯುತ್ತದೆ. ಆಗ ಮೌಂಟು ಮೊದಲು ಹಾದಿ ತಪ್ಪುತ್ತದೆ, ಆಮೇಲೆ ರಿಸೆಟ್ ಆಗುತ್ತದೆ. ಹೀಟರಿಗೆ ಬೇರೆ ಬ್ಯಾಟರಿ ಕೊಡಿ. ಬ್ಯಾಟರಿ ತುಂಬಿದ್ದೂ ನಿಂತರೆ ಮೋಟಾರು ಓಡುತ್ತಿರುವಾಗಲೇ ಮೌಂಟಿನ ಪಿನ್ನಿನಲ್ಲಿ ಮಲ್ಟಿಮೀಟರ್ ಇಟ್ಟು ಅಳೆಯಿರಿ: ಬ್ಯಾಟರಿಯ ತುದಿಗಿಂತ ಅರ್ಧ ವೋಲ್ಟಿಗೂ ಹೆಚ್ಚು ಕಡಿಮೆ ಇದ್ದರೆ ತಂತಿ ತೆಳುವಾಯಿತು.

ಕ್ಯಾಮರಾ ಅಥವಾ ಗೈಡರ್ ಆಗಾಗ ಸಂಪರ್ಕ ಕಡಿದುಕೊಂಡರೆ ಯುಎಸ್‌ಬಿ ತುದಿಗಳನ್ನು ಟಾರ್ಚಿನಲ್ಲಿ ನೋಡಿ. ಹಸಿರು ಕಿಲುಬು ಕಂಡರೆ ಉಪ್ಪುಗಾಳಿಯ ಕೆಲಸ. ಶುದ್ಧ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಶ್ಶಿನಿಂದ ಉಜ್ಜಿ. ಒಳಗಿನ ಪಿನ್ನು ಸವೆದಿದ್ದರೆ ಕೇಬಲ್ಲನ್ನೇ ಬದಲಿಸಿ. ಕಡಲತೀರದಿಂದ ಬಂದ ದಿನ ಮೌಂಟನ್ನು ಸಿಹಿನೀರಿನ ಒದ್ದೆ ಬಟ್ಟೆಯಲ್ಲಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸುವುದು ತಪ್ಪಿಸಬೇಡಿ. ಟೆಲಿಸ್ಕೋಪನ್ನು ಇಬ್ಬನಿ ಆರುವ ಮೊದಲೇ ಮುಚ್ಚಳ ಹಾಕಿ ಪೆಟ್ಟಿಗೆಗೆ ತುಂಬಿದರೆ ಬೂಷ್ಟು ಹಿಡಿಯುತ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಹರಳಿನ ಬಣ್ಣ ತಿರುಗಿದಾಗೆಲ್ಲ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು ಮತ್ತೆ ಹಾಕಿ; ಆ ಬಾಣಲೆಯನ್ನು ಅಡುಗೆಗೆ ವಾಪಸ್ ಕೊಡಬೇಡಿ.